ಭೀಮವ್ವ ಗೇಟ್ ಎತ್ತಲಿಲ್ಲ

ನಾನು ಚಂದ್ರಾಮಪ್ಪ, ಕೆನಾಲಿನ ಬಾಲದ ರೈತ. ಬಾಲದ ರೈತ ಅಂದ್ರ ಏನು ಅಂತ ಮ್ಯಾಲಿನ ಊರವ್ರಿಗೆ ತಿಳಿಯಂಗಿಲ್ಲ. ನೀರು ಮೊದಲು ಅವರ ಹೊಲ ಎಲ್ಲಾ ತಿರುಗಿ, ಅವರ ಹೊಟ್ಟಿ ತುಂಬಿಸಿ, ಉಳಿದದ್ದು ನಮ್ಮ ಕಡಿ ಬರ್ತದ. ಬಂದ್ರ ಬಂತು, ಇಲ್ಲಂದ್ರ ಬದುವಿನ ಮ್ಯಾಲ ಕುಂತು ದಾರಿ ಕಾಯೋದು. ಅದಕ್ಕೇ ನಮ್ಮೂರ ಮಂದಿಗೆ ಸಿಟ್ಟು ಮೂಗಿನ ತುದಿಮ್ಯಾಲ. ನನಗಂತೂ ಇನ್ನೊಂದು ಹಿಡಿ ಜಾಸ್ತಿ. ನನ್ನ ಹೇಣ್ತಿ ದೇವಕಮ್ಮ ಅಂತಾಳ, ನಾನು ಮೊದಲು ಬೈತೀನಂತ, ಆಮ್ಯಾಲ ಏನಾಗ್ಯಾದ ಅಂತ ಕೇಳ್ತೀನಂತ. ಸುಳ್ಳಲ್ಲ. ಆ ಗುಣದಿಂದ ಒಂದು ಸಲ ಒಬ್ಬ ಹೆಣ್ಮಗಳ ಅನ್ನಕ್ಕ ಕಲ್ಲು ಹಾಕಾಕ ಹೋಗಿದ್ದೆ. ಆಕಿ ಕಥಿ ಹೇಳಬೇಕಂದ್ರ ನನ್ನ ಮಾನ ಒಂದೀಟು ಹೋಗ್ತದ. ಹೋಗಲಿ ಬಿಡ್ರಿ.

ಆಕಿ ಹೆಸರು ಭೀಮವ್ವ. ದೇವಾಪುರದ ಆಚಿಗೆ ಕಲ್ಲುಗುಡ್ಡದ ಬುಡದಾಗ ದೊಡ್ಡ ಕೆನಾಲಿನಿಂದ ನಮ್ಮ ಸಣ್ಣ ಕೆನಾಲು ಹೊರಳ್ತದ. ಅಲ್ಲೊಂದು ಕಬ್ಬಣದ ಗೇಟು. ಅದನ್ನ ಎತ್ತಾಕಿ, ಇಳಿಸಾಕಿ ಭೀಮವ್ವ. ಗೇಟಿನಿಂದ ನಮ್ಮೂರಿಗೆ ಆರು ಮೈಲು. ಆ ಆರು ಮೈಲಿನ ನೆಲ್ಲು, ಹತ್ತಿ, ಮೆಣಸಿನಕಾಯಿ ಎಲ್ಲಾ ಆಕಿ ಎರಡು ಕೈಮ್ಯಾಲ ನಿಂತಿತ್ತು.

ಹುಟ್ಟಿದ್ದು ತಿಂಥಣಿಯಾಗ, ಕೃಷ್ಣಾ ಹೊಳಿ ದಂಡಿಗೆ, ಅಂಬಿಗರ ಮನ್ಯಾಗ. ಅಪ್ಪ ಹರಗೋಲು ಹಾಕಿ ಮಂದಿನ್ನ ದಾಟಸ್ತಿದ್ದ, ಬಿಡುವಾದಾಗ ಮೀನ ಹಿಡಿತಿದ್ದ. ಆಕಿನ್ನ ಈ ಕಡಿ ಮದಿವಿ ಮಾಡಿ ಕೊಟ್ಟಾಗ ಇಲ್ಲೆಲ್ಲಾ ಒಣಭೂಮಿ, ಜ್ವಾಳ ತೊಗರಿ ಬಿಟ್ರ ಬ್ಯಾರೆ ಇಲ್ಲ. ಹೊಳಿ ಕಾಣದ ಊರಿಗೆ ಕೊಟ್ರಲ್ಲಾ ಅಂತ ವರ್ಷಗಟ್ಟಲೆ ಅತ್ತಾಳಂತ. ಆಮ್ಯಾಲ ನಾರಾಯಣಪುರದ ಡ್ಯಾಮಿನ ನೀರು ಕೆನಾಲಿಗೆ ಬಂತು. ಹೆಂಗಸರು ಅರಿಷಿಣ ಕುಂಕುಮ ಹಿಡ್ಕೊಂಡು, ಗಂಡಸರು ತೆಂಗಿನಕಾಯಿ ಹಿಡ್ಕೊಂಡು ನೀರು ನೋಡಾಕ ಓಡಿದ್ರು. ಭೀಮವ್ವ ಸೊಂಟದ ಮ್ಯಾಲ ಕೈ ಇಟ್ಟು ನಿಂತು, "ನಾ ತವರಮನಿ ಬಿಟ್ಟು ಬಂದೆ, ಹೊಳಿನೇ ನನ್ನ ಬೆನ್ನ ಹತ್ತಿ ಬಂದದ ನೋಡ್ರಿ" ಅಂದ್ಳಂತ. ಆಕಿ ಮಾತೇ ಹಂಗ.

ಗಂಡ ಬಸವಂತ್ರಾಯ ಆ ಗೇಟಿನ ಮ್ಯಾಲ ದಿನಗೂಲಿ ಮಾಡ್ತಿದ್ದ. ಕಾಮಣಿ ಬ್ಯಾನಿ ಬಂದು ಮೂವತ್ತೈದಕ್ಕೇ ಹ್ವಾದ. ಮಣ್ಣು ಮಾಡಿ ಹದಿನೈದು ದಿನಕ್ಕ ಭೀಮವ್ವ ಕೆನಾಲಿನ ಸಾಹೇಬ್ರ ಮುಂದ ಹೋಗಿ ನಿಂತ್ಳು. ಆ ಕೆಲಸ ನನಗ ಕೊಡ್ರಿ ಅಂದ್ಳು. ಹೆಣ್ಮಗಳು ನೀ, ಗೇಟ್ ತಿರುಗಿಸೋ ಗಾಲಿ ನಿನ್ನ ಕೈಲೆ ಅಲ್ಲಾಡಂಗಿಲ್ಲ ಅಂದ್ರಂತ ಅವರು. "ಮಳಿಗಾಲದ ಹೊಳ್ಯಾಗ ಹರಗೋಲು ತಿರುಗಿಸಿದ ಕೈ ಇದು ಸಾಹೇಬ್ರ. ಬರ್ರಿ, ನೋಡ್ರಿ" ಅಂತ ಅವರನ್ನ ಗೇಟಿನ ತನಕ ನಡಿಸ್ಕೊಂಡು ಹೋಗಿ, ಸೆರಗು ಸೊಂಟಕ್ಕ ಸಿಗಿಸಿ, ಗಾಲಿ ಹಿಡದು ಸರಸರ ತಿರುಗಿಸಿ ಗೇಟ್ ಎತ್ತಿ ತೋರಿಸಿದ್ಲು. ಸಾಹೇಬ್ರು ಬಾಯಿ ಮುಚ್ಚಿಕೊಂಡು ಹೆಸರು ಬರ್ಕೊಂಡ್ರು.

ಆದ್ರ ದಿನಗೂಲಿ ಅಂದ್ರ ದಿನಗೂಲಿ. ಹನ್ನೊಂದು ವರ್ಷ ಹಂಗೇ ದುಡದ್ಲು. ನಾ ಹೇಳೋ ಮಾತು ನಡದ ವರ್ಷ ಆಕಿನ್ನ ಕಾಯಂ ಮಾಡೋ ಕಾಗದ ಕಡೀಗೂ ಸಾಹೇಬ್ರ ಟೇಬಲ್ಲಿಗೆ ಬಂದಿತ್ತು. ರೈತರ ಕಡಿಯಿಂದ ಒಂದು ತಕರಾರು ಅರ್ಜಿ ಬಂದ್ರ ಸಾಕು, ಕಾಯಂ ಅಷ್ಟೇ ಅಲ್ಲ, ಇದ್ದ ಕೆಲಸಾನೂ ಹೋಗ್ತಿತ್ತು. ಅದು ಆಕಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ನಮ್ಮ ಕೆನಾಲಿಗೆ ನೀರು ಸರದಿಮ್ಯಾಲ. ಹದಿನಾಕು ದಿನ ಚಾಲೂ, ಎಂಟು ದಿನ ಬಂದ್. ಬಂದ್ ಆದ ಎಂಟು ದಿನ ಕೆನಾಲಿನ ಹೊಟ್ಟಿ ಒಣಗಿ ಬೀದಿ ಆಗ್ತದ. ಹುಡುಗರು ಚೆಂಡು ಆಡ್ತಾವ, ಕುರಿ ಕಾಯೋರು ಅದರಾಗೇ ಕುರಿ ಹೊಡ್ಕೊಂಡು ಊರಿಂದ ಊರಿಗೆ ಹೋಗ್ತಾರ, ಆಡು ನೆಳ್ಳಿಗೆ ಮಲಗ್ತಾವ. ಭೀಮವ್ವ ಕೆಲಸಕ್ಕ ಸೇರಿದ ಹೊಸತರಾಗ ಒಂದು ಸಲ ನೋಡದೇ ಗೇಟ್ ಎತ್ತಿದ್ಲು, ಮುಂದಿನ ಊರಿನ ಮದೀನಾಬೀದು ಎರಡು ಆಡು ಕೊಚ್ಚಿಕೊಂಡು ಹ್ವಾದ್ವು. ಮದೀನಾಬೀ ಬೈಲಿಲ್ಲ, ಬಾಗಿಲದಾಗ ಕುಂತು ಅತ್ಳಂತ. ಅವತ್ತಿಂದ ಭೀಮವ್ವ ನೀರು ಬಿಡೋಕಿಂತ ಮೊದಲು ಕೋಲು ಹಿಡ್ಕೊಂಡು, ಬ್ಯಾಟರಿ ಹಿಡ್ಕೊಂಡು ಕೆನಾಲಿನ ಹೊಟ್ಟ್ಯಾಗ ಒಂದೂವರಿ ಮೈಲು ನಡಿತಿದ್ಲು. ಮುಂದಿನ ಊರವ್ರಿಗೆ ಕೂಗಿ ಹೇಳ್ತಿದ್ಲು. ಯಾರೂ ಹೇಳಿದ್ದಲ್ಲ, ಯಾವ ಸಾಹೇಬ್ರೂ ಬರದು ಕೊಟ್ಟಿದ್ದಲ್ಲ.

ಗುಡ್ಡದಾಗ ಚಿರತಿ ಅವ. ನಮ್ಮಜ್ಜನ ಕಾಲದಿಂದ ಅವ. ಕೆನಾಲು ಬಂದ ಮ್ಯಾಲ ಹಂದಿ, ನವಿಲು ಜಾಸ್ತಿ ಆದ್ವು, ಅವೂ ಒಂದೆರಡು ಜಾಸ್ತಿ ಆದ್ವು. ಭೀಮವ್ವಗ ಅವು ಬಾಜೂ ಮನಿಯವ್ರಿದ್ದಂಗ. ಹೊತ್ತು ಮುಳುಗಿದ ಮ್ಯಾಲ ಏರಿಮ್ಯಾಲ ಬಗ್ಗಿ ಹುಲ್ಲು ಕೊಯ್ಯಬ್ಯಾಡ್ರಿ, ಬಗ್ಗಿದ ಮನಷ್ಯಾ ಅದರ ಕಣ್ಣಿಗೆ ಆಡಿನಂಗ ಕಾಣ್ತಾನ ಅಂತ ಬಂದವ್ರಿಗೆಲ್ಲಾ ಹೇಳ್ತಿದ್ಲು. ಸತ್ತ ದನ ಊರ ಬಾಜೂಕ ಒಗಿಯಾಕ ಬಿಡ್ತಿದ್ದಿಲ್ಲ. ತಾನು ನಡಿಯೋವಾಗ ದೊಡ್ಡ ದನಿಲೆ ಮಾತಾಡ್ಕೊಂತ ನಡಿತಿದ್ಲು. ಯಾರ ಜೋಡಿ ಮಾತಾಡಾಕತ್ತಿ ಅಂದ್ರ, "ಯಾರರೆ ಕೇಳಸ್ಕೊಳ್ಳೋರು ಇದ್ರ ಸರದು ನಿಂದ್ರಲಿ ಅಂತ" ಅಂತಿದ್ಲು. ಹನ್ನೊಂದು ವರ್ಷದಾಗ ಒಂದು ಕೂದಲ ಕೊಂಕಿದ್ದಿಲ್ಲ ಆಕಿದು.

ಈಗ ಆ ವಾರದ ಮಾತಿಗೆ ಬರ್ತೀನಿ. ಇಪ್ಪತ್ತು ವರ್ಷದ ಹಿಂದಿಂದು. ಮೊಬೈಲು ಇನ್ನಾ ಸಾಹೇಬ್ರ ಕಿಸೇದಾಗಷ್ಟೇ ಇದ್ವು. ನಂದು ನಾಕು ಎಕರೆ ನೆಲ್ಲು ತೆನಿ ಹಾಯಾಕತ್ತಿತ್ತು. ತೆನಿ ಹಾಯೋವಾಗ ನೀರು ತಪ್ಪಿದ್ರ ಕಾಳು ಕಟ್ಟಂಗಿಲ್ಲ, ಜೊಳ್ಳೇ ಜೊಳ್ಳು. ಎಂಟು ದಿನದ ಬಂದ್ ಮುಗಿದು ಸೋಮವಾರ ಮುಂಜಾನಿ ಗೇಟ್ ಎತ್ತಬೇಕಿತ್ತು. ಸೋಮವಾರ ಎತ್ತಿದ್ರ ಮಂಗಳವಾರ ಹೊತ್ತು ಇಳಿಯೋದ್ರಾಗ ನೀರು ನಮ್ಮ ಬದುವಿಗೆ ಬರ್ತದ. ಮಂಗಳವಾರ ಬದುವಿನ ಮ್ಯಾಲ ಕುಂತೆ. ಕೆನಾಲಿನ್ಯಾಗ ಬರೇ ಧೂಳು.

ನಮ್ಮ ಬಾಲದ ರೈತರಿಗೆ ಒಂದು ಚಟ ಅದ. ನೀರು ಬರಲಿಲ್ಲ ಅಂದ್ರ ಯಾಕ ಅಂತ ಯೋಚನಿ ಮಾಡಂಗಿಲ್ಲ, ಮ್ಯಾಲಿನವ್ರು ಕದ್ದಾರ ಅಂತ ತೀರ್ಮಾನ ಮಾಡಿಬಿಡ್ತೀವಿ. ಕದ್ದದ್ದೂ ಉಂಟು ಬಿಡ್ರಿ, ಇಲ್ಲ ಅನ್ನಂಗಿಲ್ಲ. ನಾನು ಬಿಡದೇ ಮನಿಮನಿಗೆ ತಿರುಗಿ ಮಂದಿ ಕೂಡಿಸಾಕತ್ತೆ.

ಹಂಗ ತಿರುಗೋವಾಗ ಬಿತ್ತದೇ ಪಡಾ ಬಿಟ್ಟ ನನ್ನ ಹೊಲ ಹಾಯ್ದು ಬಂದೆ. ಅಲ್ಲಿ ಮರಿಲಿಂಗಪ್ಪನ ಕುರಿ ಇದ್ವು. ಮರಿಲಿಂಗಪ್ಪ ಕುರುಬರವ, ವರ್ಷಾ ನಮ್ಮ ಹೊಲದಾಗ ನಾಕು ದಿನ ಕುರಿ ತರುಬ್ತಾನ. ಕುರಿ ಒಂದೇ ಜಾಗಾದಾಗ ಮಲಗಿಸಿದ್ರ ಹಿಕ್ಕಿ ಗಂಜಲ ಬಿದ್ದು ಭೂಮಿಗೆ ಗೊಬ್ಬರ. ಅವನೂ ಕೆನಾಲಿನ ಹೊಟ್ಟ್ಯಾಗೇ ಹೊಡ್ಕೊಂಡು ಬಂದು ಆಗಷ್ಟೇ ಮುಟ್ಟಿದ್ದ. ಒಂದು ಮ್ಯಾಕಿ ತಲಿ ತನ್ನ ಎರಡೂ ಮೊಳಕಾಲ ನಡುವ ಹಿಡದು ಕುಂತಿದ್ದ. ಅದರ ಕೆಚ್ಚಲಿಗೆ ಒಂದು ಸಣ್ಣ ಮರಿ ಬಾಯಿ ಹಚ್ಚಿತ್ತು. ಕುರಿಮರಿ ಅಲ್ಲ. ಮೈಮ್ಯಾಲ ಕರೀ ಕರೀ ಬೊಟ್ಟು, ದಪ್ಪನ್ನ ಪಂಜಾ.

"ಏನಪಾ ಇದು ಮರಿಲಿಂಗಾ, ಬೆಕ್ಕು ಸಾಕಾಕತ್ತಿಯೇನು?" ಅಂದೆ.

"ತಬ್ಬಲಿ ಕೂಸು ಯಣ್ಣಾ" ಅಂದ ಅವ. "ನಿನ್ನಿ ಮಧ್ಯಾಹ್ನ ಕೆನಾಲಿನ್ಯಾಗ ಒಂದೇ ಒದರಾಕತ್ತಿತ್ತು. ಆ ಕಡಿ ಈ ಕಡಿ ನೋಡಿದೆ, ತಾಯಿ ಇಲ್ಲ. ಕಾಡುಬೆಕ್ಕಿಂದು ಇರಬೇಕು. ಬಿಟ್ಟು ಬರಾಕ ಮನಸಾಗಲಿಲ್ಲ. ಮೊದಲು ಮ್ಯಾಕಿ ಒದಿತಿತ್ತು, ಈಗ ನೋಡು, ಒಪ್ಪಿಬಿಟ್ಟದ."

ಕುರಿ ಕಾಯೋರ ಪದ್ಧತಿನೇ ಅದು. ತಾಯಿ ಸತ್ತ ಮರಿ ಸಿಕ್ರ ಸಾಯಾಕ ಬಿಡಂಗಿಲ್ಲ. ಬ್ಯಾರೆ ಮ್ಯಾಕಿ ಹಿಡದು, ಅದು ಒಪ್ಪೋತನಕ ತಾಸುಗಟ್ಟಲೆ ಕುಂತು ಮಲಿಗೆ ಹಚ್ಚತಾರ. ಒಂದು ತಬ್ಬಲಿ ಬಿಟ್ಟು ಬಂದಾನ ಅಂದ್ರ ಅವನ ಮಂದ್ಯಾಗ ಅವಗ ಮರ್ಯಾದಿ ಇಲ್ಲ. ಮರಿಲಿಂಗಪ್ಪ ಹಿಗ್ಗಿನಿಂದ ನನ್ನ ಮಾರಿ ನೋಡಿದ. ನನ್ನ ತಲ್ಯಾಗ ನೀರು ಬಿಟ್ರ ಏನೂ ಇಲ್ಲ. "ಸಾಕಪಾ ಸಾಕು, ನಾಳೆ ನಿನ್ನ ಕುರಿನೇ ತಿಂತದ" ಅಂತ ಚಾಷ್ಟಿ ಮಾಡಿ ಮುಂದ ನಡದೆ. ಕಣ್ಣ ಮುಂದ ಇದ್ದದ್ದು ಕಾಣಲಿಲ್ಲ ನನಗ. ಥೂ ನನ್ನ!

ಬುಧವಾರ ಮುಂಜಾನಿ ಅರ್ಜಿ ಬರದೆ. ನಾನೇ ಬರದೆ, ನನ್ನ ಅಕ್ಷರ ಚಂದ ಅದಾವ. ಗೇಟಿನ ಹೆಣ್ಣುಮಗಳು ಮೇಲಿನ ರೈತರ ಮಾತು ಕೇಳಿ ಬೇಕಂತಲೇ ನೀರು ತಡೆದಿರುತ್ತಾಳೆ, ಇಂಥವಳನ್ನು ಕೆಲಸದಿಂದ ತೆಗೆಯಬೇಕು ಅಂತ. ಮೊದಲ ಸಹಿ ನಂದು. ಕೆಳಗ ಹದಿನೇಳು ಮಂದಿ ಸಹಿ, ಹೆಬ್ಬಟ್ಟು. ಅದನ್ನ ಒಬ್ಬನ ಕೈಲೆ ಸಾಹೇಬ್ರ ಆಫೀಸಿಗೆ ಕಳಿಸಿ, ಉಳಿದವ್ರು ಹಾರಿ, ಸಲಿಕಿ ಹಿಡ್ಕೊಂಡು ಟ್ರ್ಯಾಕ್ಟರ್ ಹತ್ತಿ ಗೇಟಿಗೆ ಹ್ವಾದ್ವಿ. ನಾ ಮೋಟರ್ ಸೈಕಲ್ ಮ್ಯಾಲ ಮುಂದ.

ಭೀಮವ್ವ ಗೇಟಿನ ಗಾಲಿ ಬಿಚ್ಚಿ ತೊಡಿಮ್ಯಾಲ ಇಟ್ಕೊಂಡು ಕುಂತಿದ್ಲು. ಎರಡು ದಿನದಿಂದ ನಿದ್ದಿ ಇಲ್ಲ ಅನ್ನೋದು ಕಣ್ಣಾಗ ಕಾಣ್ತಿತ್ತು. ದೊಡ್ಡ ಕೆನಾಲಿನ್ಯಾಗ ನೀರು ತುಂಬಿ ಹರಿಯಾಕತ್ತದ, ನಮ್ಮ ಗೇಟಿನ ಈ ಕಡಿ ಒಣಾ. ನನಗ ಮೈಯೆಲ್ಲಾ ಉರೀತು. ಬಾಯಿಗೆ ಬಂದಂಗ ಬೈದೆ. ಏನೇನು ಅಂದೆ ಅಂತ ಇಲ್ಲಿ ಹೇಳಂಗಿಲ್ಲ, ನನ್ನ ಮೊಮ್ಮಕ್ಕಳು ಓದ್ತಾವ. ಆಕಿ ಎಲ್ಲಾ ಕೇಳಿದ್ಲು.

"ಮುಗೀತೇನು ಯಣ್ಣಾ?" ಅಂದ್ಳು. "ಮುಗದಿದ್ರ ದನಿ ಇಳಿಸು. ಕೆಳಗ ಆಕಿ ಅದಾಳ."

"ಯಾರು ಅದಾಳ?"

ಆಗ ಆಕಿ ಎಲ್ಲಾ ಬಿಡಿಸಿ ಹೇಳಿದ್ಲು. ಗೇಟಿನಿಂದ ಅರ್ಧ ಮೈಲಿಗೆ ಡಾಂಬರ್ ರಸ್ತಾ ಅದ. ರಸ್ತಾದ ಕೆಳಗ ಕೆನಾಲು ಹಾಯೋ ಸುರಂಗ. ಸೋಮವಾರ ನಸುಕಿನ್ಯಾಗ ಭೀಮವ್ವ ತನ್ನ ಪದ್ಧತಿ ಪ್ರಕಾರ ನಡಕೊಂತ ಹೋಗಿ ಸುರಂಗದಾಗ ಬ್ಯಾಟರಿ ಬಿಟ್ಟಾಳ. ಒಳಗ ಚಿರತಿ. ಹೊಟ್ಟಿಗೆ ಅಂಟಿ ಮೂರು ಮರಿ. ಗುಡ್ಡದಾಗ ಹೊಸದಾಗಿ ಕಲ್ಲು ಒಡಿಯೋ ಕೆಲಸ ನಡದಿತ್ತು, ಆ ಸಪ್ಪಳಕ್ಕ ಅಂಜಿ ಮರಿ ಕಚ್ಕೊಂಡು ಒಣಾ ಸುರಂಗಕ್ಕ ಇಳದಿತ್ತು. ಅದಕ್ಕೇನು ಗೊತ್ತು ನಮ್ಮ ಚಾಲೂ, ಬಂದ್! ಭೀಮವ್ವ ಹಿಂದಕ್ಕ ಹೆಜ್ಜಿ ಇಟ್ಕೊಂತ ಬಂದು, ಗೇಟ್ ಎತ್ತದೇ ಗಾಲಿ ಬಿಚ್ಚಿ ತಗದಾಳ. ಗೇಟ್ ಜಾಮ್ ಆಗ್ಯಾದ ಅಂತ ಸಾಹೇಬ್ರಿಗೆ ಚೀಟಿ ಬರಸಿ ಬಸ್ಸಿನವ್ನ ಕೈಯಾಗ ಕೊಡಾಕ ಊರ ಸ್ಟ್ಯಾಂಡಿನ ತನಕ ಹೋಗ್ಯಾಳ. ಮಿಸ್ತ್ರಿ ಬರಾಕ ಎರಡು ದಿನ ಹಿಡಿತದ ಅಂತ ಉತ್ತರ ಬಂದದ. ಆಕಿಗೆ ಬೇಕಾಗಿದ್ದೂ ಅದೇ. ಎರಡು ದಿನ ಮಂದಿ ಸಪ್ಪಳ ಇಲ್ಲಂದ್ರ ತಾಯಿ ತಾನೇ ಮರಿ ಒಯ್ತದ ಅಂತ.

"ನಮಗೊಂದು ಮಾತು ಹೇಳಿದ್ರ ನಿನ್ನ ಗಂಟೇನು ಹೋಗ್ತಿತ್ತು?" ಅಂತ ಕೇಳಿದೆ.

"ಹೇಳಿದ್ರ ನೀವು ನೋಡಾಕ ಬರ್ತಿದ್ರಿ. ಮನಿ ಮಂದಿನ್ನೆಲ್ಲಾ ಕಟ್ಕೊಂಡು."

ಅದೂ ಖರೆ. ಬರ್ತಿದ್ವಿ. ಬುತ್ತಿ ಕಟ್ಕೊಂಡು ಬರ್ತಿದ್ವಿ.

"ಎರಡು ಮರಿ ಒಯ್ದದ" ಅಂದ್ಳು ಭೀಮವ್ವ. "ಧೂಳಿನ್ಯಾಗ ಹೆಜ್ಜಿ ನೋಡೇನಿ, ಮೂರು ಸಲ ಗುಡ್ಡಕ್ಕ ಹೋಗಿ ಬಂದದ. ಆದ್ರ ಒಂದು ಮರಿ ಇಲ್ಲ. ಸೋಮವಾರ ನಾ ಬಸ್ಸಿಗೆ ಚೀಟಿ ಕೊಡಾಕ ಹ್ವಾದ ಹೊತ್ತಿನ್ಯಾಗ ಏನೋ ಆಗ್ಯಾದ, ಕುರಿ ಹೆಜ್ಜಿ, ನಾಯಿ ಹೆಜ್ಜಿ ಕಂಡ್ವು. ತಾಯಿ ಬರ್ತದ, ಸುರಂಗದಾಗ ಹೋಗ್ತದ, ಒದರ್ತದ, ಹೊರಗ ಬಂದು ಮೂಸ್ತದ. ಮತ್ತ ಒಳಗ ಹೋಗಿ ಮಲಗ್ತದ. ಈಗೂ ಒಳಗೇ ಅದ. ಈಗ ನಾ ನೀರು ಬಿಟ್ರ ಅದು ಸಾಯ್ತದ, ಗುಡ್ಡದಾಗ ಎರಡು ಮರಿ ಹಸದು ಸಾಯ್ತಾವ. ಸಾಯದೇ ತಪ್ಪಿಸ್ಕೊಂಡು ಹೊರಗ ಬಂತೋ, ಕುರಿ ವಾಸನಿ ಹಿಡದು ಊರೂರು ಹುಡುಕ್ತದ. ಮರಿ ಕಳ್ಕೊಂಡ ತಾಯಿ ಅದು ಯಣ್ಣಾ. ಅದಕ್ಕ ಯಾರು ಕದ್ದಾರ ಅಂತ ಗೊತ್ತಿರಂಗಿಲ್ಲ. ಎದುರು ಬಂದವ್ರೆಲ್ಲಾ ಕದ್ದವ್ರೇ."

ಕುರಿ ಹೆಜ್ಜಿ ಅಂದದ್ದು ಆಗ ನನ್ನ ತಲ್ಯಾಗ ಹೊಕ್ಕಿತು. ಕರೀ ಬೊಟ್ಟು, ದಪ್ಪನ್ನ ಪಂಜಾ. ಮ್ಯಾಕಿ ಕೆಚ್ಚಲು. ನನ್ನ ಹೊಲ. ಆ ಹೊಲದ ಬಾಜೂಕ ನನ್ನ ಮನಿ, ಮನಿ ಮುಂದಿನ ಕಟ್ಟಿಮ್ಯಾಲ ದೇವಕಮ್ಮ ಸಣ್ಣ ಮಗಳಿಗೆ ತಲಿ ಬಾಚ್ಕೊಂತ ಕುಂದ್ರೋ ಜಾಗಾ.

"ಭೀಮವ್ವಾ" ಅಂದೆ. ಮರಿಲಿಂಗಪ್ಪನ ಹತ್ರ ಕಂಡ ಮರಿ ಮಾತು ಎಲ್ಲಾ ಹೇಳಿದೆ. ಆಕಿ ನನ್ನ ಮಾರಿ ಒಮ್ಮೆ ನೋಡಿದ್ಲು, ಬೈಲಿಲ್ಲ.

"ಮೋಟರ್ ಸೈಕಲ್ ತಗಿ" ಅಂದ್ಳು. "ಮರಿಲಿಂಗನ್ನ ಹಿಂದ ಕುಂದ್ರಿಸ್ಕೊಂಡು ಬಾ. ಅವನೇ ಹಿಡ್ಕೊಂಡಿರಲಿ, ಕೈ ಬದಲಿ ಮಾಡಬ್ಯಾಡ್ರಿ."

ಆರು ಮೈಲು ಹೆಂಗ ಹ್ವಾದೆ ಅಂತ ನನಗ ಗೊತ್ತಿಲ್ಲ. ಮರಿಲಿಂಗಪ್ಪಗ ಚಿರತಿ ಮರಿ ಅಂದ ಕೂಡ್ಲೇ ಮಾರಿಮ್ಯಾಲಿನ ರಕ್ತಾನೇ ಇಳೀತು. "ತಾಯಿ ಇತ್ತೇನು? ಅಯ್ಯಯ್ಯೋ, ತಾಯಿ ಇದ್ದ ಕೂಸು ಕಿತ್ಕೊಂಡು ಬಂದ್ನೇನು ನಾನು?" ಅಂತ ತಲಿ ತಲಿ ಬಡ್ಕೊಂಡ. ಸೋಮವಾರ ಅವನ ನಾಯಿ ಸುರಂಗದ ಬಾಯಾಗ ಬೊಗಳಿದ್ದಕ್ಕ ತಾಯಿ ಆ ಕಡಿ ಬಾಯಿಂದ ಗುಡ್ಡಕ್ಕ ಓಡಿರಬೇಕು, ತೆವಳಿ ಹೊರಗ ಬಂದ ಒಂದು ಮರಿ ಇವನ ಕಣ್ಣಿಗೆ ಬಿದ್ದದ. ಮರಿನ್ನ ಕಂಬಳ್ಯಾಗ ಸುತ್ತಿ ಎದಿಗೆ ಅವಚಿಕೊಂಡು ಅವ ನನ್ನ ಹಿಂದ ಹತ್ತಿದ. ಮ್ಯಾಕಿ ಮ್ಯಾಂ ಅಂತ ನಾಕು ಹೆಜ್ಜಿ ನಮ್ಮ ಹಿಂದ ಓಡಿ ಬಂತು. ಹಾದಿ ತುಂಬಾ ಅವ ಅತ್ತ.

ಸುರಂಗದ ಸಮೀಪ ಬಂದಾಗ ಹೊತ್ತು ಇಳದಿತ್ತು. ಭೀಮವ್ವ ಅಷ್ಟರಾಗ ನಮ್ಮ ಮಂದಿನ್ನೆಲ್ಲಾ ಟ್ರ್ಯಾಕ್ಟರ್ ಸಮೇತ ರಸ್ತಾದ ಎರಡೂ ಕಡಿ ದೂರ ನಿಲ್ಲಿಸಿ, ಬರೋ ಗಾಡಿ ತಡಿಯಾಕ ಹಚ್ಚಿದ್ಲು. ಜಗಳಕ್ಕ ಬಂದ ಮಂದಿ ಆಕಿ ಮಾತಿಗೆ ಚಪರಾಸಿಗಳಂಗ ನಿಂತಿದ್ರು. ಮೀನ ಹಾಕೋ ಅಗಲನ್ನ ಬುಟ್ಟಿ ತಂದಿದ್ಲು. ಮನಷ್ಯಾನ ವಾಸನಿ ಕಡಿಮಿ ಆಗಲಿ ಅಂತ ಅದರಾಗ ಕೆನಾಲಿನ ಮಣ್ಣು, ಒಣಾ ಹುಲ್ಲು ಹಾಕಿ, ಮರಿನ್ನ ಅದರಾಗ ಇಳಸು ಅಂತ ಮರಿಲಿಂಗಪ್ಪಗ ಹೇಳಿದ್ಲು. ಮರಿ ಕೀಂ ಅಂತು. 

"ಈಗ ಯಾರೂ ನನ್ನ ಹಿಂದ ಬರಬ್ಯಾಡ್ರಿ."

"ನಾ ಬರ್ತೀನಿ" ಅಂದೆ.

"ನೀ ಬಾಯಿ ಮುಚ್ಕೊಂಡು ಏರಿಮ್ಯಾಲ ಕುಂದ್ರು ಯಣ್ಣಾ, ಅದೇ ನೀ ಮಾಡೋ ದೊಡ್ಡ ಉಪಕಾರ."

ಬುಟ್ಟಿ ಸೊಂಟಕ್ಕ ಇಟ್ಕೊಂಡು ಕೆನಾಲಿನ ಹೊಟ್ಟಿಗೆ ಇಳದ್ಲು. ನೆಟ್ಟಗ ನಡಕೊಂತ, ಮಾತಾಡ್ಕೊಂತ ಹ್ವಾದ್ಲು. ಅಂಜಿದ ದನಿ ಅಲ್ಲ ಅದು, ಬಾಣಂತಿ ಮನಿಗೆ ಹೋದ ಹೆಣ್ಮಗಳ ದನಿ. "ಯವ್ವಾ, ನಿನ್ನ ಕೂಸು ತಂದೇನಿ. ತಪ್ಪು ನಮ್ಮದು. ಅಂವ ತಬ್ಬಲಿ ಅಂತ ಒಯ್ದಾನ, ಕೆಟ್ಟ ಮನಸಿಲೆ ಒಯ್ದಿಲ್ಲ. ಎರಡು ದಿನ ಹಾಲು ಕುಡಿಸ್ಯಾನ. ತಗೋ, ನಿಂದು ನೀ ತಗೋ." ಸುರಂಗದ ಬಾಯಿಗೆ ಇಪ್ಪತ್ತು ಹೆಜ್ಜಿ ಇರೋವಾಗ ಒಳಗಿಂದ ಗುರ್ ಅಂತು. ಭೀಮವ್ವ ನಿಂತ್ಳು, ಬುಟ್ಟಿ ನೆಲಕ್ಕ ಇಟ್ಳು, ಬಗ್ಗಲಿಲ್ಲ, ಮೊಳಕಾಲು ಮಡಚಿ ನೆಟ್ಟಗ ಕುಂತು ಇಟ್ಳು. ಆಮ್ಯಾಲ ಹಿಂದಕ್ಕ ಹಿಂದಕ್ಕ ಹೆಜ್ಜಿ ಇಟ್ಕೊಂತ, ಓಡದೇ, ಏರಿ ಹತ್ತಿ ಬಂದು ನನ್ನ ಬಾಜೂಕ ಕುಂತ್ಳು.

ಎಷ್ಟು ಹೊತ್ತು ಆತೋ. ಮರಿ ಒದರ್ತಿತ್ತು. ಕಡೀಗೆ ಸುರಂಗದಿಂದ ಅದು ಹೊರಗ ಬಂತು. ನಾ ಅಷ್ಟು ಸಮೀಪ ಎಂದೂ ನೋಡಿದ್ದಿಲ್ಲ. ಬಡಕಲಾಗಿತ್ತು. ಬುಟ್ಟಿ ಸುತ್ತ ಒಂದು ಸುತ್ತು ಹಾಕಿ ಮೂಸಿತು, ಮೂಸಿ ಥಟ್ಟನೆ ಹಿಂದ ಸರೀತು. ಮ್ಯಾಕಿ ವಾಸನಿ, ಕಂಬಳಿ ವಾಸನಿ, ಮನಷ್ಯಾನ ವಾಸನಿ. ನನ್ನ ಇನ್ನೊಂದು ಬಾಜೂಕ ಕುಂತಿದ್ದ ಮರಿಲಿಂಗಪ್ಪ ನನ್ನ ತೋಳು ಎಷ್ಟು ಬಿಗಿ ಹಿಡದನಂದ್ರ ಮರುದಿನ ಬೆರಳಿನ ಗುರ್ತು ಕಾಣ್ತಿದ್ವು. "ಒಪ್ಕೋ ಯವ್ವಾ, ಒಪ್ಕೋ" ಅಂತ ಒಳಗೊಳಗೇ ಅನ್ನಾಕತ್ತಿದ್ದ, ಮ್ಯಾಕಿಗೆ ಹೇಳಿದಂಗೇ. ಚಿರತಿ ಮತ್ತ ಬಂತು. ಮರಿ ಮಾರಿ ಒಂದ್ಸಲ ನೆಕ್ಕಿತು. ಆಮ್ಯಾಲ ನಿಂತು ನಿಂತು ಮೈಯೆಲ್ಲಾ ನೆಕ್ಕಿತು, ಆ ವಾಸನಿ ಎಲ್ಲಾ ಹೋಗೋತನಕ. ಕುತ್ತಿಗಿ ಹಿಂದಿನ ತೊಗಲು ಹಿಡದು ಎತ್ಕೊಂಡು, ದನ ಇಳಿಯಾಕ ಮಾಡಿದ ಪಾವಟಿಗಿ ಹತ್ತಿ ಗುಡ್ಡದ ಕಡಿ ಹೋತು. ಒಮ್ಮೆನೂ ನಮ್ಮ ಕಡಿ ನೋಡಲಿಲ್ಲ.

ಭೀಮವ್ವ ಎದ್ದು ಸುರಂಗದ ಈ ಬಾಯಿಂದ ಆ ಬಾಯಿತನಕ ಬ್ಯಾಟರಿ ಬಿಟ್ಟು ನೋಡಿ ಬಂದ್ಳು. ಗಾಲಿ ಹಚ್ಚಿ ಗೇಟ್ ಎತ್ತಿದ್ಲು. ನಮ್ಮ ಬದುವಿಗೆ ನೀರು ಗುರುವಾರ ರಾತ್ರಿ ಮುಟ್ಟಿತು. ನಾಕು ಎಕರೆದಾಗ ಅರ್ಧ ಎಕರೆ ಜೊಳ್ಳಾತು, ಉಳಿದದ್ದು ಬಂತು.

ಆದ್ರ ಅರ್ಜಿ ಹೋಗಿಬಿಟ್ಟಿತ್ತು. ಹಿಂದಕ್ಕ ತರಾಕ ಶುಕ್ರವಾರ ಆಫೀಸಿಗೆ ಓಡಿದೆ, ಸಾಹೇಬ್ರು ಓದಿ ಆಗ್ಯಾದ, ನಾಳಿ ಗೇಟಿಗೆ ಬಂದು ವಿಚಾರಣಿ ಮಾಡ್ತಾರ ಅಂತ ಅಲ್ಲಿನವ್ರು ಅಂದ್ರು. ಖರೆ ಹೇಳಿದ್ರ ಮರಿ ನನ್ನ ಹೊಲದಾಗ ಇತ್ತು ಅನ್ನೋದು ಹೊರಗ ಬರ್ತದ. ಕಾಡಿನ ಮರಿ ಹಿಡದು ತಂದ್ರ ಕೇಸು ಆಗ್ತದ ಅಂತ ನಮಗೂ ತಿಳಿದಿತ್ತು. "ನೀ ಯಾಕ ಬಾಯಿ ಬಿಡ್ತಿ, ಸುಮ್ನಿರು" ಅಂದವ್ರೂ ಇದ್ರು.

ಶನಿವಾರ ಜೀಪು ಬಂತು. ಸಾಹೇಬ್ರು ಗೇಟಿನ ಮ್ಯಾಲ ನಿಂತು ಅರ್ಜಿ ಓದಿದ್ರು, ನನ್ನ ಚಂದನ್ನ ಅಕ್ಷರ ಒಂದೊಂದೂ. ಆಮ್ಯಾಲ ಗಾಲಿ ತಿರುಗಿಸಿ ನೋಡಿದ್ರು, ಸಲೀಸು ತಿರುಗಿತು.

"ಗೇಟ್ ಜಾಮ್ ಆಗಿತ್ತೇನಮ್ಮಾ?"

"ಇಲ್ರಿ ಸಾಹೇಬ್ರ" ಅಂದ್ಳು ಭೀಮವ್ವ. "ಸುಳ್ಳು ಹೇಳೇನಿ. ಸುರಂಗದಾಗ ಚಿರತಿ ಮರಿ ಇಟ್ಟಿತ್ತು. ಅದು ಹೋಗೋತನಕ ನೀರು ಬಿಡಲಿಲ್ಲ."

ಅಷ್ಟೇ ಅಂದ್ಳು. ನನ್ನ ಹೆಸರು ಎತ್ತಲಿಲ್ಲ, ಮರಿಲಿಂಗಪ್ಪನ ಹೆಸರು ಎತ್ತಲಿಲ್ಲ. ನಾವು ಕೇಸಿನ್ಯಾಗ ಸಿಗಬಾರದು ಅಂತ ಎಲ್ಲಾ ತನ್ನ ತಲಿಮ್ಯಾಲ ಹೊತ್ಕೊಂಡು ನಿಂತಿದ್ಲು. 

"ಒಂದು ಪ್ರಾಣಿ ಸಲುವಾಗಿ ಆರು ಮೈಲಿನ ರೈತರ ನೀರು ಮೂರು ದಿನ ತಡದು, ಮ್ಯಾಲ ನನಗ ಸುಳ್ಳು ಬರಸಿ ಕಳಸ್ತಿಯೇನು?" ಅಂದ್ರು ಸಾಹೇಬ್ರು. ಅವರ ಮಾತೂ ತಪ್ಪಲ್ಲ, ಕಾಗದದಾಗ ಇದ್ದದ್ದು ಅದೇ. ಪೆನ್ನು ತಗದ್ರು.

"ಸಾಹೇಬ್ರ, ನಿಂದರ್ರಿ" ಅಂತ ನಾನು ಮುಂದ ಬಂದೆ. "ಚಂದ್ರಾಮಪ್ಪ ಅಂದ್ರ ನಾನ್ರಿ. ಅರ್ಜಿ ಬರದವ ನಾನು. ಆಕಿ ತಡದದ್ದು ಪ್ರಾಣಿ ಸಲುವಾಗಿ ಅಷ್ಟೇ ಅಲ್ರಿ. ಒಂದು ಮರಿ ನನ್ನ ಹೊಲದಾಗ ಇತ್ತು. ನಾ ಕಣ್ಣಾರೆ ನೋಡೇನಿ, ನೋಡಿ ನಕ್ಕು ಬಂದೇನಿ. ಆಕಿ ಬುಧವಾರ ನಮ್ಮ ಬೈಗುಳಕ್ಕ ಅಂಜಿ ಗೇಟ್ ಎತ್ತಿಬಿಟ್ಟಿದ್ರ ನನ್ನ ನೆಲ್ಲು ಇನ್ನೊಂದೀಟು ಉಳಿತಿತ್ತು. ಆದ್ರ ನೀರಿನಿಂದ ತಪ್ಪಿಸ್ಕೊಂಡ ಆ ತಾಯಿ ಮರಿ ವಾಸನಿ ಹಿಡ್ಕೊಂಡು ನಮ್ಮೂರಿಗೆ ಬರ್ತಿತ್ತು, ಮೊದಲು ನನ್ನ ಮನಿಗೇ ಬರ್ತಿತ್ತು. ಬಂದಿದ್ರ ಆ ನೆಲ್ಲು ಉಣ್ಣಾಕ ನಮ್ಮನ್ಯಾಗ ಯಾರು ಉಳಿತಿದ್ರು ಅಂತ ನನಗ ಗೊತ್ತಿಲ್ರಿ. ಕೇಸು ಹಾಕೋದಿದ್ರ ನನ್ನ ಮ್ಯಾಲ ಹಾಕ್ರಿ. ಗೇಟ್ ಆಕಿ ಕೈಯಾಗೇ ಇರಲಿ."

ಹಿಂದಿಂದ ಮರಿಲಿಂಗಪ್ಪ, "ಮರಿ ಎತ್ತಿದವ ನಾನ್ರಿ ಯಪ್ಪಾ" ಅಂತ ಬಂದ. ಅವನ ಹಿಂದ ಹೆಬ್ಬಟ್ಟು ಒತ್ತಿದವ್ರು ಒಬ್ಬೊಬ್ಬರೇ ಬಂದು ನಿಂತ್ರು. ಸಾಹೇಬ್ರು ನಮ್ಮನ್ನೆಲ್ಲಾ ಒಂದು ಸುತ್ತು ನೋಡಿದ್ರು. ಭೀಮವ್ವ ಆ ಕಡಿ ತಿರುಗಿ ಸೆರಗಿಲೆ ಮಾರಿ ಮುಚ್ಕೊಂಡಿದ್ಲು, ಭುಜ ಅಲ್ಲಾಡಾಕತ್ತಿತ್ತು. ಗಂಡ ಸತ್ತ ಮ್ಯಾಲ ಮಂದಿ ಮುಂದ ಆಕಿ ಅತ್ತದ್ದು ಅವತ್ತೇ ಅಂತಾರ. ಸಾಹೇಬ್ರು ಪೆನ್ನು ಕಿಸೇದಾಗ ಇಟ್ಟು, ಅರ್ಜಿ ಮಡಚಿ ನನ್ನ ಕೈಗೆ ಕೊಟ್ಟು, ಜೀಪ್ ಹತ್ತಿದ್ರು. ಯಾರ ಮ್ಯಾಲೂ ಕೇಸು ಬರಲಿಲ್ಲ. ಭೀಮವ್ವ ಕಾಯಂ ಆಗಿ ಆ ಗೇಟಿನ ಮ್ಯಾಲ ಇನ್ನಾ ಹದಿನಾರು ವರ್ಷ ಕೆಲಸ ಮಾಡಿದ್ಲು.